ಕೆರೆಗಳಲ್ಲಿ ಪೋಷಕಾಂಶದ ಹೊರೆ ಮತ್ತು ಬ್ಯಾಕ್ಟೀರಿಯಾ: ಗ್ರಾಮ ಪಂಚಾಯಿತಿಗಳು ಅರಿಯಬೇಕಾದ ಸಂಗತಿಗಳು

(ಕೆರೆ ಸಂರಕ್ಷಣೆ ಹಾಗೂ ಬೂದು ನೀರಿನ ನಿರ್ವಹಣೆಯನ್ನು ಕುರಿತ ತರಬೇತಿಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಮಾಹಿತಿಗಾಗಿ ಹಾಗೂ ಗ್ರಾಮಸಭೆಗಳಲ್ಲಿ ಓದಿ ಚರ್ಚಿಸುವ ಸಲುವಾಗಿ ಇಲ್ಲಿ ಮುದ್ರಿಸಲಾಗಿದೆ.)



ಮನೆ ಮನೆಗೂ ನಲ್ಲಿಯ ನೀರು ತಲುಪಬೇಕೆಂಬುದು ಜಲ ಜೀವನ್ ಮಿಷನ್‌ನ ಆಶಯ. ಪ್ರತಿಯೊಬ್ಬರಿಗೆ ದಿನವೊಂದಕ್ಕೆ 55 ಲೀಟರ್ ಎಂಬುದು ಅದರ ಮಾನದಂಡ. ಈ ನೀರು ಮನೆಯೊಳಕ್ಕೆ ಬರುವ ಹಾದಿಯ ಕುರಿತು ನಾವು ಹತ್ತಾರು ಸಭೆಗಳನ್ನು ನಡೆಸಿದ್ದೇವೆ. ಅದೇ ನೀರು ಮನೆಯಿಂದ ಹೊರಹೋಗುವ ಹಾದಿಯ ಕುರಿತು ನಡೆದ ಸಭೆಗಳು ವಿರಳ. 2,000 ಜನಸಂಖ್ಯೆಯ ಒಂದು ಗ್ರಾಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಲ್ಲಿಗೆ ದಿನವೊಂದಕ್ಕೆ 1 ಲಕ್ಷ 10 ಸಾವಿರ ಲೀಟರ್ ನೀರು ಸರಬರಾಜಾಗಬೇಕು. ಅದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 70 ಸಾವಿರ ಲೀಟರಿಗೂ ಮಿಕ್ಕಿದ ನೀರು, ಬಚ್ಚಲು, ಅಡುಗೆಮನೆ ಹಾಗೂ ಬಟ್ಟೆ ಒಗೆಯುವ ಕಲ್ಲಿನಿಂದ ಚರಂಡಿಗೆ ಇಳಿಯುತ್ತದೆ. ಚರಂಡಿಯು ಇಳಿಜಾರನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮ ಬಹುಪಾಲು ಊರುಗಳಲ್ಲಿ ಇಳಿಜಾರಿನ ಕೊನೆಗೆ ಇರುವುದು ಕೆರೆ.

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಇವುಗಳಲ್ಲಿ ಹೆಚ್ಚಿನವು ಸಣ್ಣ ಅಚ್ಚುಕಟ್ಟಿನ ಕೆರೆಗಳಾಗಿದ್ದು, ಪಂಚಾಯತ್ ವ್ಯವಸ್ಥೆಯ ವ್ಯಾಪ್ತಿಗೆ ಬರುತ್ತವೆ. ಆದುದರಿಂದ ಕೆರೆಯ ನೀರು ಏಕೆ ಹಸಿರಾಗುತ್ತದೆ, ಏಕೆ ನಾರುತ್ತದೆ, ಮೀನುಗಳು ಏಕೆ ಒಮ್ಮೆಗೇ ಸತ್ತು ತೇಲುತ್ತವೆ ಎಂಬ ಪ್ರಶ್ನೆಗಳು ಕಾಲೇಜಿನ ಪಾಠಕ್ಕೆ ಮಾತ್ರ ಸೇರಿದವಲ್ಲ. ನಾವು ಯಾವ ಕಾಮಗಾರಿಗೆ ಮೊದಲು ಹಣ ಇಡಬೇಕು ಎಂಬ ತೀರ್ಮಾನವೂ ಅವುಗಳ ಉತ್ತರವನ್ನೇ ಅವಲಂಬಿಸಿದೆ.

1. ಕೆರೆಯೊಳಗಿನ ಲೆಕ್ಕಪತ್ರ

ಕೆರೆಯು ನೀರು ತುಂಬಿಟ್ಟ ಪಾತ್ರೆಯಷ್ಟೇ ಅಲ್ಲ. ಅದರೊಳಗೆ ಒಂದು ಆಹಾರ ಸರಪಣಿಯಿದೆ. ಬಿಸಿಲನ್ನು ಬಳಸಿಕೊಂಡು ಪಾಚಿ ಹಾಗೂ ಜಲಸಸ್ಯಗಳು ಬೆಳೆಯುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯನ್ನು ನೀರುಚಿಗಟದಂತಹ ಸಣ್ಣ ಜೀವಿಗಳು ತಿನ್ನುತ್ತವೆ. ಅವುಗಳನ್ನು ಮೀನುಮರಿಗಳು, ಮೀನುಗಳನ್ನು ನೀರುಕಾಗೆ, ಬೆಳ್ಳಕ್ಕಿಗಳು ತಿನ್ನುತ್ತವೆ. ಸತ್ತದ್ದೆಲ್ಲವನ್ನೂ ಬ್ಯಾಕ್ಟೀರಿಯಾಗಳು ಕೊಳೆಸಿ, ಅದರಲ್ಲಿದ್ದ ಪೋಷಕಾಂಶಗಳನ್ನು ಪುನಃ ನೀರಿಗೆ ಒಪ್ಪಿಸುತ್ತವೆ. ಈ ಜಮಾ-ಖರ್ಚು ಸರಿದೂಗುವವರೆಗೆ ಕೆರೆ ಆರೋಗ್ಯವಾಗಿರುತ್ತದೆ.

ಪಾಚಿಯ ಬೆಳವಣಿಗೆಗೆ ಇಂಗಾಲ, ಸಾರಜನಕ ಹಾಗೂ ರಂಜಕ ಮುಖ್ಯವಾಗಿ ಬೇಕು. ಇಂಗಾಲ ಮತ್ತು ಸಾರಜನಕಗಳು ಗಾಳಿಯಲ್ಲಿಯೂ ಇವೆ. ರಂಜಕವು ಗಾಳಿಯಿಂದ ದೊರೆಯುವುದಿಲ್ಲ. ಅದು ಬಂಡೆ ಮತ್ತು ಮಣ್ಣಿನಿಂದ ಅತಿ ನಿಧಾನವಾಗಿ ಮಾತ್ರ ಬರಬೇಕು. ಆದಕಾರಣ ಸ್ವಾಭಾವಿಕ ಕೆರೆಗಳಲ್ಲಿ ಸಾಮಾನ್ಯವಾಗಿ ರಂಜಕದ ಕೊರತೆಯೇ ಪಾಚಿಗೆ ಕಡಿವಾಣ. ಆ ಕಡಿವಾಣವನ್ನು ಬಿಚ್ಚುವವರು ನಾವು. ಮಲಮೂತ್ರ, ಬಟ್ಟೆಯ ಸೋಪು, ಎಂಜಲು ನೀರು, ಸಗಣಿ, ಹೊಲದ ಗೊಬ್ಬರ, ಕೋಳಿ ಫಾರಂಗಳ ತ್ಯಾಜ್ಯ ಇವೆಲ್ಲವೂ ರಂಜಕವನ್ನು ಹೊತ್ತು ತರುತ್ತವೆ.

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಮನೆಯ ಕೊಳಚೆಯಲ್ಲಿ ಒಬ್ಬ ವ್ಯಕ್ತಿಯ ಪಾಲಿನ ರಂಜಕ ದಿನಕ್ಕೆ ಸುಮಾರು 1 ರಿಂದ 2 ಗ್ರಾಂ. ಕಡಿಮೆ ಅಂಕಿಯನ್ನೇ ಹಿಡಿದರೂ 2,000 ಜನರಿಂದ ದಿನಕ್ಕೆ 2 ಕಿಲೋಗ್ರಾಂ ಆಗುತ್ತದೆ. ಈಗ 10 ಹೆಕ್ಟೇರ್ ವಿಸ್ತೀರ್ಣದ, ಸರಾಸರಿ 2 ಮೀಟರ್ ಆಳದ ಒಂದು ಕೆರೆಯನ್ನು ಭಾವಿಸಿಕೊಳ್ಳಿ. ಅದು ತುಂಬಿದಾಗ 20 ಕೋಟಿ ಲೀಟರ್ ನೀರು ಇರುತ್ತದೆ. ಲೀಟರ್ ಒಂದಕ್ಕೆ 0.1 ಮಿಲಿಗ್ರಾಂ ರಂಜಕವಿದ್ದರೆ ಅಂತಹ ಕೆರೆಯನ್ನು ಅತಿ ಪೋಷಿತ ಕೆರೆಯೆಂದು ತಜ್ಞರು ಪರಿಗಣಿಸುತ್ತಾರೆ. ಈ ಮಟ್ಟವನ್ನು ಮುಟ್ಟಲು ನಮ್ಮ ಕೆರೆಗೆ ಬೇಕಾದದ್ದು 20 ಕಿಲೋಗ್ರಾಂ ರಂಜಕ ಮಾತ್ರ. ಊರಿನ ಕೊಳಚೆಯೆಲ್ಲವೂ ಕೆರೆಗೆ ಸೇರುವುದಾದರೆ 10 ದಿನ ಸಾಕು. ಹತ್ತರಲ್ಲಿ ಒಂದು ಪಾಲು ಮಾತ್ರ ಸೇರುವುದಾದರೆ 100 ದಿನ. ಬಂದ ರಂಜಕದಲ್ಲಿ ಒಂದಷ್ಟು ಹೂಳಿನಲ್ಲಿ ಕೂರುತ್ತದೆ, ಒಂದಷ್ಟು ಕೋಡಿಯಲ್ಲಿ ಹರಿದುಹೋಗುತ್ತದೆ ಎಂಬುದು ನಿಜ. ಆದರೂ ಕೆರೆ ವರ್ಷಕ್ಕೊಮ್ಮೆ ತುಂಬುತ್ತದೆ, ಚರಂಡಿ ವರ್ಷದ 365 ದಿನವೂ ಹರಿಯುತ್ತದೆ ಎಂಬುದನ್ನು ಮರೆಯಬಾರದು.

ರೈತ ಬಾಂಧವರಿಗೆ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. 50 ಕಿಲೋಗ್ರಾಂನ ಒಂದು ಚೀಲ ಡಿಎಪಿಯಲ್ಲಿ ಸುಮಾರು 10 ಕಿಲೋಗ್ರಾಂ ರಂಜಕವಿರುತ್ತದೆ. ಮೇಲೆ ಹೇಳಿದ ಕೆರೆಯನ್ನು ಕೆಡಿಸಲು ಎರಡು ಚೀಲ ಗೊಬ್ಬರ ಪೂರ್ತಿಯಾಗಿ ಕೊಚ್ಚಿಹೋದರೆ ಸಾಕು. ಹಣ ಕೊಟ್ಟು ತಂದ ಗೊಬ್ಬರ ಹೊಲಕ್ಕೂ ದಕ್ಕಲಿಲ್ಲ, ಕೆರೆಯನ್ನೂ ಉಳಿಸಲಿಲ್ಲ ಎಂದಾಗುತ್ತದೆ.

2. ಬ್ಯಾಕ್ಟೀರಿಯಾಗಳ ಮೂರು ಬಗೆ

ಬ್ಯಾಕ್ಟೀರಿಯಾ ಎಂದೊಡನೆ ರೋಗವೆಂದೇ ನಾವು ಭಾವಿಸುವುದುಂಟು. ಕೆರೆಯ ದೃಷ್ಟಿಯಿಂದ ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯವು ಕೊಳೆಸುವ ಬ್ಯಾಕ್ಟೀರಿಯಾಗಳು. ಇವು ಕೆರೆಯ ಪೌರಕಾರ್ಮಿಕರು. ಇವುಗಳಿಲ್ಲದಿದ್ದರೆ ಕೆರೆಯು ಸತ್ತ ಎಲೆ, ಸತ್ತ ಪಾಚಿಗಳಿಂದಲೇ ತುಂಬಿಹೋಗುತ್ತಿತ್ತು. ಆದರೆ ಕೆಲಸ ಮಾಡಲು ಇವುಗಳಿಗೆ ಆಮ್ಲಜನಕ ಬೇಕು, ಅದನ್ನು ಇವು ನೀರಿನಿಂದಲೇ ಪಡೆಯುತ್ತವೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಹಿಡಿದಿಡಬಲ್ಲದು. ಒಂದು ಗ್ರಾಂ ರಂಜಕದಿಂದ ಸುಮಾರು 100 ಗ್ರಾಂ ಒಣತೂಕದಷ್ಟು ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಪೂರ್ತಿಯಾಗಿ ಕೊಳೆಯಲು ಸುಮಾರು 140 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಅಂದರೆ ಒಂದೇ ಒಂದು ಗ್ರಾಂ ರಂಜಕವು ಅಂತಿಮವಾಗಿ 18 ಸಾವಿರ ಲೀಟರಿಗೂ ಹೆಚ್ಚು ನೀರಿನ ಆಮ್ಲಜನಕವನ್ನೆಲ್ಲ ಬರಿದು ಮಾಡಬಲ್ಲದು. ಕೊಳಚೆಯಲ್ಲಿನ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳದ್ದು ಬೇರೆಯೇ ಖರ್ಚು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಅವು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕವನ್ನು ಬಳಸುತ್ತವೆ.

ಆಮ್ಲಜನಕ ಮುಗಿದ ಮೇಲೆ ಕೊಳೆಯುವಿಕೆ ನಿಲ್ಲುವುದಿಲ್ಲ, ಕೊಳೆಸುವವರು ಬದಲಾಗುತ್ತಾರೆ. ಆಮ್ಲಜನಕವಿಲ್ಲದೆಯೂ ಬದುಕಬಲ್ಲ ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಪ್ರಬಲವಾಗುತ್ತವೆ. ಅವುಗಳಲ್ಲಿ ಕೆಲವು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಇನ್ನು ಕೆಲವು ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ಕೆರೆಯ ಅಂಚಿನಲ್ಲಿ ಕೆಸರು ಕಪ್ಪಾಗಿ, ಕೋಲಿನಿಂದ ಕದಡಿದಾಗ ಗುಳ್ಳೆಗಳು ಎದ್ದು ದುರ್ನಾತ ಬೀರಿದರೆ, ತಳದಲ್ಲಿ ಆಮ್ಲಜನಕವಿಲ್ಲವೆಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಎರಡನೆಯವು ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವ ಸಯನೋಬ್ಯಾಕ್ಟೀರಿಯಾಗಳು. ಹೆಸರಿನಲ್ಲಿ ಪಾಚಿ ಎಂದಿದ್ದರೂ ಇವು ವಾಸ್ತವದಲ್ಲಿ ಬ್ಯಾಕ್ಟೀರಿಯಾಗಳೇ. ಪೋಷಕಾಂಶ ಹೆಚ್ಚಿದ, ಬೆಚ್ಚಗಿನ, ನಿಂತ ನೀರು ಇವುಗಳಿಗೆ ಪ್ರಿಯ. ಮೈಕ್ರೋಸಿಸ್ಟಿಸ್ ಎಂಬ ಬಗೆಯು ತನ್ನ ಜೀವಕೋಶಗಳೊಳಗಿನ ಗಾಳಿಚೀಲಗಳ ಸಹಾಯದಿಂದ ನೀರಿನ ಮೇಲ್ಭಾಗಕ್ಕೆ ತೇಲಿಬಂದು, ಬಿಸಿಲನ್ನು ತಾನೇ ಕಬಳಿಸಿ, ಕೆಳಗಿನ ಸಸ್ಯಗಳನ್ನು ಕತ್ತಲೆಗೆ ದೂಡುತ್ತದೆ. ಅನಬೀನಾದಂತಹ ಬಗೆಗಳು ಗಾಳಿಯ ಸಾರಜನಕವನ್ನೇ ಹೀರಿಕೊಳ್ಳಬಲ್ಲವು. ಆದುದರಿಂದ ಸಾರಜನಕವನ್ನು ಮಾತ್ರ ತಡೆದು ರಂಜಕವನ್ನು ಬಿಟ್ಟರೆ ಇವುಗಳಿಗೆ ತೊಂದರೆಯಿಲ್ಲ. ಮೈಕ್ರೋಸಿಸ್ಟಿಸ್‌ನ ಗುಂಪುಗಳನ್ನು ನೀರುಚಿಗಟಗಳು ಸುಲಭವಾಗಿ ತಿನ್ನಲಾರವು. ಹೀಗೆ ಆಹಾರ ಸರಪಣಿ ಕೆಳಗಿನ ಕೊಂಡಿಯಲ್ಲಿಯೇ ಕಳಚಿಕೊಳ್ಳುತ್ತದೆ.

ಇವುಗಳಲ್ಲಿ ಹಲವು ವಿಷವನ್ನೂ ಉತ್ಪಾದಿಸುತ್ತವೆ. ಮೈಕ್ರೋಸಿಸ್ಟಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ. ಕುಡಿಯುವ ನೀರಿನಲ್ಲಿ ಅದರ ಪ್ರಮುಖ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಇಂತಹ ನೀರನ್ನು ಕುಡಿದು ಕುರಿ, ಕುದುರೆ, ನಾಯಿಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಷ್ಟು ಹಿಂದೆಯೇ ದಾಖಲಿಸಿದ್ದರು. ಅಮೆರಿಕದ ಟೊಲೀಡೊ ನಗರದಲ್ಲಿ 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ಈ ವಿಷವು ನಲ್ಲಿ ನೀರಿನಲ್ಲಿ ಪತ್ತೆಯಾಗಿ, ಸುಮಾರು ಐದು ಲಕ್ಷ ಜನರಿಗೆ ನೀರನ್ನು ಕುಡಿಯಬಾರದೆಂದು ಸೂಚನೆ ನೀಡಲಾಯಿತು. ಕುದಿಸಿ ಕುಡಿಯಿರಿ ಎಂದು ಅಲ್ಲಿ ಹೇಳಲಿಲ್ಲ, ಕುದಿಸಬೇಡಿ ಎಂದೇ ಹೇಳಿದರು. ಏಕೆಂದರೆ ಕುದಿಸಿದರೆ ಈ ವಿಷ ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚಬಹುದು. ಕೆರೆಯ ನೀರು ಬಣ್ಣ ಬಳಿದಂತೆ ದಟ್ಟ ಹಸಿರಾದಾಗ ದನಕರುಗಳನ್ನು ಅಲ್ಲಿಗೆ ಇಳಿಸಬಾರದೆಂದು ಡಂಗುರ ಸಾರಿಸುವುದು ಪಂಚಾಯಿತಿಯ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಮೂರನೆಯವು ಮಲದಿಂದ ಬರುವ ಬ್ಯಾಕ್ಟೀರಿಯಾಗಳು. ವಾಂತಿಭೇದಿ, ವಿಷಮಶೀತ ಜ್ವರಗಳನ್ನು ತರುವ ರೋಗಾಣುಗಳು ಈ ಗುಂಪಿಗೆ ಸೇರುತ್ತವೆ. ಪ್ರತಿಯೊಂದು ರೋಗಾಣುವನ್ನೂ ಪ್ರತ್ಯೇಕವಾಗಿ ಹುಡುಕುವುದು ಕಷ್ಟವಾದ್ದರಿಂದ, ಬೆಚ್ಚನೆಯ ರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಇ. ಕೋಲಿಯನ್ನು ಸೂಚಕವಾಗಿ ಪರೀಕ್ಷಿಸುತ್ತಾರೆ. ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇದು ಒಂದೂ ಇರಕೂಡದೆಂಬುದು ಭಾರತೀಯ ಮಾನಕ. ಬಿಸಿಲು ಬಿದ್ದ ತಿಳಿನೀರಿನಲ್ಲಿ ಈ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ. ಪಾಚಿಯಿಂದ ಮುಚ್ಚಿದ ಕದಡು ನೀರಿನಲ್ಲಿ ಬಿಸಿಲು ಕೆಳಗಿಳಿಯದು, ಕೆಸರಿನೊಳಗೆ ಅವು ಇನ್ನೂ ಹೆಚ್ಚು ಕಾಲ ಉಳಿಯುತ್ತವೆ. ಅಂದರೆ ಪೋಷಕಾಂಶದ ಮಾಲಿನ್ಯವು ರೋಗಾಣುಗಳಿಗೂ ಆಶ್ರಯ ನೀಡುತ್ತದೆ. ಎರಡನ್ನೂ ತರುವ ಚರಂಡಿ ಒಂದೇ ಆದುದರಿಂದ ಪರಿಹಾರವೂ ಒಂದೇ.

3. ಮೀನು ಸಾಯುವ ಮುಂಜಾವು

ಮೀನು ಸತ್ತು ತೇಲಿದ ದಿನ ಊರಿನಲ್ಲಿ ಮೊದಲು ಹಬ್ಬುವುದು, ಯಾರೋ ವಿಷ ಹಾಕಿದ್ದಾರೆಂಬ ಮಾತು. ಹಳೆಯ ಜಗಳಗಳು ಮೇಲೆದ್ದು, ಪ್ರಕರಣ ಠಾಣೆಯವರೆಗೂ ಹೋಗುವುದುಂಟು. ವಿಷದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಮುನ್ನ ಸಮಯವನ್ನು ಗಮನಿಸಬೇಕು. ಹಗಲಿನಲ್ಲಿ ಪಾಚಿಯು ಆಮ್ಲಜನಕವನ್ನು ಕೊಡುತ್ತದೆ, ರಾತ್ರಿಯಲ್ಲಿ ಅದೂ ಸಹ ಆಮ್ಲಜನಕವನ್ನು ಬಳಸುತ್ತದೆ. ಆದುದರಿಂದ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಹೇರಳವಾಗಿದ್ದು, ಸೂರ್ಯೋದಯಕ್ಕೆ ಮುನ್ನ ಅತಿ ಕಡಿಮೆಯಾಗಿರುತ್ತದೆ. ಎರಡು ಮೂರು ದಿನ ಮೋಡ ಮುಚ್ಚಿದರೆ ಹಗಲಿನ ಆದಾಯವೂ ಕುಗ್ಗುತ್ತದೆ. ಬೇಸಿಗೆಯ ಕೊನೆಯ ಮೊದಲ ಜೋರು ಮಳೆಯು ತಿಂಗಳುಗಟ್ಟಲೆ ಚರಂಡಿಯಲ್ಲಿ ನಿಂತಿದ್ದ ಕೊಳಚೆಯನ್ನು ಒಮ್ಮೆಗೇ ಕೆರೆಗೆ ತಳ್ಳುತ್ತದೆ, ತಳದ ಕಪ್ಪು ನೀರನ್ನು ಮೇಲಕ್ಕೆ ಕದಡುತ್ತದೆ. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದರೆ ಅದು ಬಹುಮಟ್ಟಿಗೆ ಉಸಿರುಗಟ್ಟುವಿಕೆಯ ಲಕ್ಷಣ.

ಇದರೊಡನೆ ಇನ್ನೊಂದು ಅಪಾಯವೂ ಸೇರುತ್ತದೆ. ದಟ್ಟ ಪಾಚಿಯಿರುವ ಕೆರೆಯಲ್ಲಿ ಬಿಸಿಲಿನ ಹೊತ್ತು ನೀರಿನ ಕ್ಷಾರತೆ ಏರುತ್ತದೆ. ಕೊಳಚೆಯಿಂದ ಬಂದ ಅಮೋನಿಯಾ ಆಗ ಮೀನಿಗೆ ವಿಷಕಾರಿಯಾದ ರೂಪಕ್ಕೆ ತಿರುಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕು, ಮುಕ್ತ ಅಮೋನಿಯಾ ಸಾರಜನಕ 1.2 ಮಿಲಿಗ್ರಾಂ ಮೀರಬಾರದು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಸತ್ತು, ಗಾಳಿಯನ್ನೇ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್‌ನಂತಹವು ಮಾತ್ರ ಉಳಿದರೆ ಕೆರೆಯ ವಂಶಾವಳಿಯೇ ಬದಲಾಯಿತೆಂದು ಅರ್ಥ. ಗುತ್ತಿಗೆದಾರರಿಗೆ ನಷ್ಟ, ಪಂಚಾಯಿತಿಗೆ ಆದಾಯದ ಖೋತಾ, ಊರಿನ ಬಡವರ ತಟ್ಟೆಗೆ ಅಗ್ಗದ ಪೌಷ್ಟಿಕ ಆಹಾರದ ಖೋತಾ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು.

4. ಹೂಳಿನಲ್ಲಿ ಕುಳಿತ ಹಳೆಯ ಸಾಲ

ಕೊಳಚೆಯನ್ನು ನಿಲ್ಲಿಸಿದ ಮರುವರ್ಷವೇ ಕೆರೆ ತಿಳಿಯಾಗಬೇಕೆಂದು ಜನರು ನಿರೀಕ್ಷಿಸುತ್ತಾರೆ. ಹಾಗಾಗದಿರಲು ಕಾರಣವಿದೆ. ಆಮ್ಲಜನಕವಿದ್ದಾಗ ಹೂಳಿನಲ್ಲಿರುವ ಕಬ್ಬಿಣದ ಅಂಶವು ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದೊಡನೆ ಆ ಹಿಡಿತ ಸಡಿಲಗೊಂಡು ಹಲವು ವರ್ಷಗಳಿಂದ ಕೂಡಿಟ್ಟ ರಂಜಕ ಪುನಃ ನೀರಿಗೆ ಬರುತ್ತದೆ. ಅಸಲು ಕಟ್ಟುವುದನ್ನು ನಿಲ್ಲಿಸಿದರೂ ಹಳೆಯ ಬಡ್ಡಿ ಬೆನ್ನುಹತ್ತಿದಂತೆ ಇದು.

ನಮ್ಮ ಹಿರಿಯರು ರಸಾಯನಶಾಸ್ತ್ರ ಓದದೆಯೂ ಈ ಸಾಲವನ್ನು ತೀರಿಸುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಳಲ್ಲಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲದಿಂದ ಮಳೆ ಕೊಚ್ಚಿ ತಂದದ್ದು ಹೊಲಕ್ಕೇ ಮರಳುತ್ತಿತ್ತು. ಇಂದು ಹೂಳೆತ್ತುವ ಕಾಮಗಾರಿಗಳಲ್ಲಿ ಹೂಳನ್ನು ಕೆರೆಯ ಅಂಗಳದಲ್ಲಿಯೇ ದಿಬ್ಬ ಮಾಡಿ ಬಿಡುವುದನ್ನು ಕಾಣುತ್ತೇವೆ. ಮುಂದಿನ ಮಳೆಗೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೂಳನ್ನು ರೈತರ ಹೊಲಕ್ಕೆ ತಲುಪಿಸುವ ವ್ಯವಸ್ಥೆಯಿಲ್ಲದೆ ಹೂಳೆತ್ತುವುದು ಅರ್ಧ ಕೆಲಸ. ಪಟ್ಟಣದ ಅಥವಾ ಕಾರ್ಖಾನೆಯ ಕೊಳಚೆ ಸೇರಿದ ಕೆರೆಯಾದರೆ, ಭಾರಲೋಹಗಳ ಪರೀಕ್ಷೆಯಾಗದೆ ಆ ಹೂಳನ್ನು ಹೊಲಕ್ಕೆ ಹಾಕಕೂಡದು.

5. ಬೇರೆಡೆಯ ಅನುಭವಗಳು

ರಂಜಕದ ಪಾತ್ರವು ಊಹೆಯಲ್ಲ, ಪ್ರಯೋಗದಿಂದ ಸಿದ್ಧವಾದುದು. ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಹೋದ್ಯೋಗಿಗಳು 226ನೇ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು.

ಕೆಟ್ಟ ಸರೋವರ ಸುಧಾರಿಸಬಲ್ಲದು ಎಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ಬಳಿಯ ವಾಷಿಂಗ್ಟನ್ ಸರೋವರ ನಿದರ್ಶನ. ಸುತ್ತಲಿನ ಊರುಗಳ ಕೊಳಚೆ ನೀರು ಅದಕ್ಕೆ ಸೇರುತ್ತಿತ್ತು. 1955ರಲ್ಲಿ ಪ್ರಾಧ್ಯಾಪಕ ಡಬ್ಲ್ಯು. ಟಿ. ಎಡ್ಮಂಡ್ಸನ್ ಅವರ ತಂಡ ಅಲ್ಲಿ ಅಪಾಯದ ಸೂಚನೆಯಾದ ಸಯನೋಬ್ಯಾಕ್ಟೀರಿಯಾವನ್ನು ಗುರುತಿಸಿತು. ಕೊಳಚೆಯನ್ನು ಬೇರೆಡೆಗೆ ತಿರುಗಿಸುವ ಸಂಸ್ಥೆಯನ್ನು ಸ್ಥಾಪಿಸುವ ಪ್ರಸ್ತಾವ 1958ರಲ್ಲಿ ಜನರ ಮತಕ್ಕೆ ಹೋಗಿ, ಮೊದಲ ಬಾರಿ ಬಿದ್ದುಹೋಯಿತು. ಅದೇ ವರ್ಷ ಎರಡನೆಯ ಬಾರಿ ಗೆದ್ದಿತು. 1963ರಿಂದ 1968ರ ನಡುವೆ ಕೊಳಚೆಯನ್ನು ಹಂತಹಂತವಾಗಿ ತಿರುಗಿಸಲಾಯಿತು. 1970ರ ದಶಕದಲ್ಲಿ ಸರೋವರ ತಿಳಿಯಾಯಿತು. ವೆಚ್ಚವನ್ನು ಹೊರಲು ಜನರು ಒಪ್ಪಿದ್ದು, ಕಾರಣವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿದುದರಿಂದ. ನಮ್ಮ ಗ್ರಾಮಸಭೆಗಳಿಗೆ ಇದರಲ್ಲಿ ಪಾಠವಿದೆ. ಒಮ್ಮೆ ತಿರಸ್ಕೃತವಾದ ಒಳ್ಳೆಯ ವಿಷಯವನ್ನು ಮತ್ತೊಮ್ಮೆ ಸಭೆಯ ಮುಂದಿಡಲು ಸಂಕೋಚಪಡಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿಯೇ ಎರಡೂ ಬಗೆಯ ನಿದರ್ಶನಗಳಿವೆ. ಬೆಳ್ಳಂದೂರು ಕೆರೆಯಲ್ಲಿ ಮಾರ್ಜಕ ಹಾಗೂ ಕೊಳಚೆಯಿಂದೆದ್ದ ನೊರೆ ರಸ್ತೆಗೆ ಹಾರಿತು. 2015ರಲ್ಲಿ ಆ ನೊರೆಗೆ ಬೆಂಕಿ ತಗುಲಿತು. 2017 ಮತ್ತು 2018ರಲ್ಲಿ ಕೆರೆಯ ಅಂಗಳದಲ್ಲಿ ಮತ್ತೆ ಬೆಂಕಿ ಕಾಣಿಸಿತು. ಅದೇ ನಗರದ ಜಕ್ಕೂರು ಕೆರೆಯಲ್ಲಿ ಕೊಳಚೆಯು ಮೊದಲು ಶುದ್ಧೀಕರಣ ಘಟಕಕ್ಕೆ, ಬಳಿಕ ಆಪು ಜೊಂಡುಗಳು ಬೆಳೆದ ಜೌಗಿಗೆ, ಅನಂತರವಷ್ಟೇ ಕೆರೆಗೆ ಹೋಗುವ ವ್ಯವಸ್ಥೆಯಿದೆ. ಎರಡನೆಯ ಹಂತದವರೆಗಿನ ಸಾಮಾನ್ಯ ಶುದ್ಧೀಕರಣವು ಕೊಳೆಯುವ ವಸ್ತುಗಳನ್ನು ತೆಗೆಯುತ್ತದೆಯೇ ಹೊರತು ಸಾರಜನಕ ಮತ್ತು ರಂಜಕಗಳ ದೊಡ್ಡ ಪಾಲನ್ನು ಬಿಟ್ಟುಬಿಡುತ್ತದೆ. ಸಂಸ್ಕರಿಸಿದ ನೀರು ಎಂಬ ಪದವನ್ನು ಕೇಳಿದಾಗ, ಯಾವ ಹಂತದವರೆಗೆ ಸಂಸ್ಕರಿಸಿದ್ದು ಎಂದು ವಿಚಾರಿಸುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

6. ಪಂಚಾಯಿತಿಯ ಕೈಯಲ್ಲಿರುವ ಕೆಲಸಗಳು

ಕೆರೆ ಅಭಿವೃದ್ಧಿಯ ಅಂದಾಜು ಪಟ್ಟಿಗಳನ್ನು ನೋಡಿದಾಗ ಏರಿಯ ಕಲ್ಲುಕಟ್ಟಣೆ, ತಂತಿಬೇಲಿ, ನಡಿಗೆ ಪಥ, ಅಲಂಕಾರಿಕ ದೀಪ, ನಾಮಫಲಕಗಳು ಕಾಣುತ್ತವೆ. ಚರಂಡಿಯ ಬಾಯನ್ನು ಏನು ಮಾಡಬೇಕೆಂಬ ಬಾಬ್ತು ಮಾತ್ರ ಅಪರೂಪ. ಎಂಜಿನಿಯರಿಂಗ್ ಓದಿದವನಾಗಿ ನಾನು ಒಂದೇ ನಿಯಮವನ್ನು ಹೇಳಬಲ್ಲೆ: ಒಳಹರಿವನ್ನು ಸರಿಪಡಿಸದೆ ಶೇಖರಣೆಯನ್ನು ಸರಿಪಡಿಸಲಾಗದು. ಒಂದು ರೂಪಾಯಿ ಇದ್ದರೂ ಅದು ಮೊದಲು ಚರಂಡಿಗೆ ಹೋಗಬೇಕು, ಆಮೇಲೆ ಏರಿಗೆ.

ಅ) ಮನೆಯ ಮಟ್ಟದಲ್ಲಿ ಬಚ್ಚಲುಗುಂಡಿ. ಜಾಗವಿರುವ ಪ್ರತಿ ಮನೆಯಲ್ಲಿಯೂ ಬಚ್ಚಲುಗುಂಡಿ ಅಥವಾ ಕೈತೋಟಕ್ಕೆ ನೀರು ಹರಿಸುವ ವ್ಯವಸ್ಥೆ ಆಗಬೇಕು. ಉದ್ಯೋಗ ಖಾತರಿಯಡಿ ಇದು ನಮಗೆ ಚಿರಪರಿಚಿತ ಕಾಮಗಾರಿ. ಅಡುಗೆಮನೆಯ ಜಿಡ್ಡು ಗುಂಡಿಯನ್ನು ಕಟ್ಟಿಹಾಕದಂತೆ ಮುಂಭಾಗದಲ್ಲಿ ಸಣ್ಣ ತೊಟ್ಟಿ ಅವಶ್ಯ. ಎರೆಭೂಮಿಯಲ್ಲಿ ನೀರು ಬೇಗ ಇಂಗದ ಕಾರಣ ಅಲ್ಲಿ ಕೈತೋಟವೇ ಮೇಲು. ಕುಡಿಯುವ ನೀರಿನ ಬಾವಿಗೆ ಹತ್ತಿರದಲ್ಲಿ ಗುಂಡಿ ತೋಡಬಾರದು. ನೈಟ್ರೇಟ್ ಅಂತರ್ಜಲಕ್ಕೆ ಸುಲಭವಾಗಿ ಇಳಿಯುತ್ತದೆ, ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಆ) ಶೌಚದ ನೀರು ಚರಂಡಿಗೆ ಬರಕೂಡದು. ಸೆಪ್ಟಿಕ್ ಟ್ಯಾಂಕಿನ ಹೊರಕೊಳವೆಯನ್ನು ಚರಂಡಿಗೆ ಬಿಟ್ಟಿರುವ ಮನೆಗಳ ಪಟ್ಟಿಯನ್ನು ವಾರ್ಡುವಾರು ತಯಾರಿಸಬೇಕು. ಸೆಪ್ಟಿಕ್ ಟ್ಯಾಂಕು ಘನವಸ್ತುವನ್ನು ಹಿಡಿಯುತ್ತದೆಯೇ ವಿನಾ ರೋಗಾಣುಗಳನ್ನಾಗಲಿ ಪೋಷಕಾಂಶಗಳನ್ನಾಗಲಿ ತಡೆಯದು. ಅವಳಿ ಗುಂಡಿ ಶೌಚಾಲಯದಲ್ಲಿ ತುಂಬಿದ ಗುಂಡಿಯನ್ನು ಎರಡು ವರ್ಷ ಮುಚ್ಚಿಟ್ಟರೆ ಅದು ಗೊಬ್ಬರವಾಗುತ್ತದೆ. ಮಲತ್ಯಾಜ್ಯ ಹೀರುವ ವಾಹನಗಳು ಹಳ್ಳ, ರಾಜಕಾಲುವೆಗಳಲ್ಲಿ ಸುರಿಯದಂತೆ ನಿಗಾ ಇಡಬೇಕು. ದೇವನಹಳ್ಳಿಯಲ್ಲಿ 2015ರಿಂದಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಇದೆಯೆಂಬುದು, ಈ ಕೆಲಸ ನಮ್ಮಲ್ಲಿಯೂ ಸಾಧ್ಯವೆಂಬುದಕ್ಕೆ ಸಾಕ್ಷಿ.

ಇ) ಉಳಿದ ನೀರಿಗೆ ಕೆರೆಯ ಮುನ್ನ ಒಂದು ತಂಗುದಾಣ. ಚರಂಡಿಯ ಕೊನೆಯಲ್ಲಿ ಕಸ ತಡೆಯುವ ಜಾಲರಿ, ಹೂಳು ಕೂರುವ ತೊಟ್ಟಿ, ಬಳಿಕ ಜಲ್ಲಿಕಲ್ಲಿನ ನಡುವೆ ಕಾಬಾಳೆ, ಆಪು ಮುಂತಾದವನ್ನು ನೆಟ್ಟ ಜೌಗುಪಾತಿ ನಿರ್ಮಿಸಬಹುದು. ಈ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಸಾಗಿಸಬೇಕು. ಕೊಯ್ಯದಿದ್ದರೆ ಹೀರಿದ ಪೋಷಕಾಂಶವೆಲ್ಲ ಅಲ್ಲೇ ಕೊಳೆತು ಕೆರೆಗೆ ಸೇರುತ್ತದೆ. 15ನೇ ಹಣಕಾಸು ಆಯೋಗದ ನಿರ್ಬಂಧಿತ ಅನುದಾನದಲ್ಲಿ ನೈರ್ಮಲ್ಯಕ್ಕೆಂದೇ ಪಾಲು ಇಟ್ಟಿದ್ದುದನ್ನು ಇಲ್ಲಿ ನೆನೆಯಬಹುದು.

ಈ) ಹೊಲಗಳ ಮಟ್ಟದಲ್ಲಿ. ರಂಜಕವು ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬರುತ್ತದೆ. ಆದುದರಿಂದ ಬದು ನಿರ್ಮಾಣ, ಪೋಷಕ ಕಾಲುವೆಯ ಇಕ್ಕೆಲಗಳಲ್ಲಿ ಹುಲ್ಲಿನ ಪಟ್ಟಿ, ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ, ಜೋರು ಮಳೆಯ ಮುನ್ಸೂಚನೆಯಿದ್ದ ದಿನ ಗೊಬ್ಬರ ಎರಚದಿರುವುದು, ಇವು ರೈತರಿಗೂ ಲಾಭ, ಕೆರೆಗೂ ಲಾಭ.

ಉ) ಮೀನು ಗುತ್ತಿಗೆಯ ಷರತ್ತುಗಳು. ಕೆರೆಗೆ ಕೋಳಿ ತ್ಯಾಜ್ಯ, ಸಗಣಿ, ಮಾಂಸದಂಗಡಿಯ ತ್ಯಾಜ್ಯ ಸುರಿಯಬಾರದೆಂಬ ಷರತ್ತನ್ನು ಸ್ಪಷ್ಟವಾಗಿ ಬರೆದಿರಬೇಕು, ಉಲ್ಲಂಘಿಸಿದರೆ ಕ್ರಮವನ್ನೂ ಜರುಗಿಸಬೇಕು.

ಊ) ಸರಳ ಪರೀಕ್ಷೆಗಳು. 20 ಸೆಂಟಿಮೀಟರ್ ಅಗಲದ ಒಂದು ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು, ಅಳತೆಯ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಅದು ಕಣ್ಮರೆಯಾಗುವ ಆಳವನ್ನು ಪ್ರತಿ ತಿಂಗಳೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಬರೆದಿಡಿ. ಮಳೆಗಾಲದ ಕೆಂಪು ನೀರನ್ನು ಬಿಟ್ಟರೆ, ಈ ಆಳ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ಪಾಚಿ ಹೆಚ್ಚುತ್ತಿದೆ ಎಂದು ತಿಳಿಯಬಹುದು. ಹಸಿರು ಪದರದಲ್ಲಿ ಉದ್ದನೆಯ ಕಡ್ಡಿ ಅದ್ದಿ ತೆಗೆದಾಗ ನೂಲಿನಂತೆ ಜೋತುಬಿದ್ದರೆ ಅದು ಸಾಮಾನ್ಯ ಪಾಚಿ. ಬಣ್ಣ ಬಳಿದಂತೆ ಮೆತ್ತಿಕೊಂಡರೆ ಸಯನೋಬ್ಯಾಕ್ಟೀರಿಯಾ ಇರುವ ಸಂಭವ ಹೆಚ್ಚು. ಆಗ ಬರಿಗೈಯಿಂದ ಮುಟ್ಟದೆ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬೇಕು. ಜಲ ಜೀವನ್ ಮಿಷನ್‌ನಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ನೀಡಬೇಕೆಂದಿದೆ. ಕೆರೆಯ ಸುತ್ತಲಿನ ಬಾವಿ, ಕೊಳವೆಬಾವಿಗಳ ಪರೀಕ್ಷೆಯನ್ನು ಮಳೆಗಾಲಕ್ಕೆ ಮುನ್ನ ಹಾಗೂ ಅನಂತರ ಈ ಸಹೋದರಿಯರಿಂದಲೇ ಮಾಡಿಸಿ, ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

7. ಮಾಡಬಾರದ ಕೆಲಸಗಳು

ಹಸಿರುಗಟ್ಟಿದ ಕೆರೆಗೆ ಮೈಲುತುತ್ತ ಅಥವಾ ಬ್ಲೀಚಿಂಗ್ ಪುಡಿ ಸುರಿಯುವುದು ಸುಲಭೋಪಾಯವಾಗಿ ತೋರುತ್ತದೆ. ಪಾಚಿ ಒಮ್ಮೆಗೇ ಸತ್ತರೆ ಅದರ ಜೀವಕೋಶಗಳಲ್ಲಿದ್ದ ವಿಷವೆಲ್ಲ ನೀರಿಗೆ ಬಿಡುಗಡೆಯಾಗುತ್ತದೆ, ಸತ್ತ ರಾಶಿ ಕೊಳೆತು ಆಮ್ಲಜನಕ ಬರಿದಾಗುತ್ತದೆ, ರಂಜಕ ಮಾತ್ರ ಅಲ್ಲೇ ಉಳಿಯುತ್ತದೆ. ಬ್ಯಾಕ್ಟೀರಿಯಾ ದ್ರಾವಣ ಹಾಕಿದರೆ ಕೆರೆ ಶುದ್ಧವಾಗುತ್ತದೆಂದು ಮಾರಾಟಗಾರರು ಬಂದಾಗ, ರಂಜಕವು ಕೆರೆಯಿಂದ ಹೊರಗೆ ಹೋಗುವ ದಾರಿ ಯಾವುದು ಎಂಬ ಒಂದು ಪ್ರಶ್ನೆಯನ್ನು ಕೇಳಿ. ರಂಜಕವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಇಲ್ಲ, ಅದು ಒಂದು ದೇಹದಿಂದ ಇನ್ನೊಂದಕ್ಕೆ ಕೈಬದಲಾಗುತ್ತದೆ ಅಷ್ಟೆ. ಅಂತರಗಂಗೆ, ವಾಟರ್ ಹಯಸಿಂತ್ ಕಳೆಗಳನ್ನು ತೆಗೆದು ದಡದ ಮೇಲೆಯೇ ರಾಶಿ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ. ಅವುಗಳನ್ನು ದೂರ ಸಾಗಿಸಿ ಕಾಂಪೋಸ್ಟ್ ಮಾಡಬೇಕು.

ಸನ್ಮಾನ್ಯರೇ, ಜಲ ಮಾಲಿನ್ಯ ನಿಯಂತ್ರಣ ಕಾಯಿದೆ 1974ರಿಂದ ಜಾರಿಯಲ್ಲಿದೆ. ಕೆರೆಗಳ ಸಂರಕ್ಷಣೆಗೆಂದೇ 2014ರಲ್ಲಿ ರಾಜ್ಯವು ಪ್ರತ್ಯೇಕ ಕಾಯಿದೆಯನ್ನು ರೂಪಿಸಿದೆ. ಕಾಯಿದೆಯ ಬಲ ನಮಗಿದೆ. ಆದಾಗ್ಯೂ ನಿಯಮ ತೋರಿಸಿ ಒಂದು ಮನೆಯ ಕೊಳವೆಯನ್ನು ಮುಚ್ಚಿಸುವುದಕ್ಕಿಂತ, ಆ ಮನೆಯ ಯಜಮಾನರಿಗೆ ತಮ್ಮ ಎಮ್ಮೆ ಕುಡಿಯುವ ನೀರಿಗೂ ತಮ್ಮ ಬಚ್ಚಲಿಗೂ ಇರುವ ಸಂಬಂಧವನ್ನು ತಿಳಿಸಿ ಅವರಿಂದಲೇ ಮುಚ್ಚಿಸುವುದು ಹೆಚ್ಚು ಕಾಲ ಬಾಳುತ್ತದೆ.

ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಮೂರು ಪ್ರಶ್ನೆಗಳನ್ನು ಸೇರಿಸಬೇಕೆಂದು ಎಲ್ಲ ಪಂಚಾಯಿತಿಗಳಲ್ಲಿ ವಿನಂತಿಸುತ್ತೇನೆ. ಒಂದು, ನಮ್ಮ ಕೆರೆಗೆ ಎಷ್ಟು ಚರಂಡಿಗಳು ಬಂದು ಸೇರುತ್ತವೆ? ಎರಡು, ಅವುಗಳಲ್ಲಿ ಶೌಚದ ನೀರು ಬೆರೆತವು ಎಷ್ಟು? ಮೂರು, ಈ ಆರ್ಥಿಕ ವರ್ಷದಲ್ಲಿ ಅವುಗಳಲ್ಲಿ ಎಷ್ಟನ್ನು ಕೆರೆಗೆ ಮುಟ್ಟುವ ಮುನ್ನ ತಡೆಯುತ್ತೇವೆ? ಉತ್ತರಗಳನ್ನು ಅಂಕಿಯಲ್ಲಿ ಬರೆಯಿಸಿ, ಆರು ತಿಂಗಳ ಬಳಿಕ ಅದೇ ಸಭೆಯಲ್ಲಿ ಅದೇ ಪುಟವನ್ನು ತೆರೆದು ನೋಡೋಣ.